ಬಿಚ್ಚಿ ನೋಡದ ಗೋಡೆಗೆ ಬೆಲೆ ಹೇಳುವುದು ಹೇಗೆ? ಹಳೆಯ ಸರ್ಕಾರಿ ಕಟ್ಟಡದ ದುರಸ್ತಿ ಮತ್ತು ಇಲಾಖೆಯ ಜೊತೆಗಿನ ವ್ಯವಹಾರ

ಓದುಗರ ಪ್ರಶ್ನೆ: ನಾನು ಸ್ಟ್ರಕ್ಚರಲ್ ಎಂಜಿನಿಯರ್. ಇಷ್ಟು ದಿನ ಹೊಸ ಕಟ್ಟಡಗಳ ಕೆಲಸವನ್ನೇ ಮಾಡಿಕೊಂಡು ಬಂದವನು, ಈಗ ಮೊದಲ ಸಲ ಒಂದು ಪಾರಂಪರಿಕ ಸರ್ಕಾರಿ ಕಚೇರಿಯ ದುರಸ್ತಿ ಹಾಗೂ ಬಲವರ್ಧನೆಗೆ ಪ್ರಾಜೆಕ್ಟ್ ಲೀಡ್ ಆಗಿದ್ದೇನೆ. ಕಟ್ಟಡಕ್ಕೆ ನೂರಿಪ್ಪತ್ತು ವರ್ಷದ ಮೇಲಾಗಿದೆ. ಕಲ್ಲು ಮತ್ತು ಇಟ್ಟಿಗೆಯ ದಪ್ಪ ಗೋಡೆ, ಸುಣ್ಣದ ಗಾರೆ, ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆ ಕಮಾನು ಕಟ್ಟಿದ ಮಹಡಿ, ಮೇಲೆ ಮರದ ಛಾವಣಿ. ಕೆಳಗಿನ ಗೋಡೆಗಳಲ್ಲಿ ತೇವ, ಒಂದು ಮೂಲೆಯಲ್ಲಿ ಉದ್ದ ಬಿರುಕು. ಇಲಾಖೆಯವರು ಒಂದೇ ಮೊತ್ತ, ಒಂದೇ ತಾರೀಖು ಕೇಳುತ್ತಿದ್ದಾರೆ. ಕಚೇರಿ ಒಂದು ದಿನವೂ ಮುಚ್ಚಬಾರದಂತೆ. ಮೊದಲ ಮಹಡಿಯಲ್ಲಿ ಹಳಿಯ ಮೇಲೆ ಓಡುವ ಕಡತದ ಕಪಾಟು ಬೇಕಂತೆ. ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆದು ಮುಗಿಸಿ ಎನ್ನುವವರೂ ಇದ್ದಾರೆ. ಪರಂಪರೆ ಪ್ರಾಧಿಕಾರ ಯಾವುದನ್ನೂ ಮುಟ್ಟಬೇಡಿ ಎನ್ನುತ್ತದೆ. 'ಇನ್ನೂ ಗೊತ್ತಿಲ್ಲ' ಎಂದರೆ ಕೆಲಸ ಬಾರದವನು ಎಂದುಕೊಳ್ಳುತ್ತಾರೆ, ಮೊತ್ತ ಹೇಳಿದರೆ ಅದಕ್ಕೇ ಕಟ್ಟಿಹಾಕುತ್ತಾರೆ. ಹೇಗೆ ನಿಭಾಯಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಗೋಡೆಯೊಳಗೆ ಏನಿದೆ ಎಂದು ಬಿಚ್ಚದೆ ಹೇಳಲಾಗದು ಎನ್ನುವುದು ಒಂದು. ಹಾಗೆಂದು ಬಾಯಿಬಿಟ್ಟರೆ ನಂಬಿಕೆ ಹೋದೀತು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ತಪಾಸಣೆಯ ಕ್ರಮ ಇದ್ದೇ ಇದೆ. ಎರಡನೆಯದರಲ್ಲಿ ನೀವು ಇಲಾಖೆಯನ್ನು ಕೊಂಚ ತಪ್ಪಾಗಿ ಅಂದಾಜು ಮಾಡಿದ್ದೀರಿ ಅನ್ನಿಸುತ್ತದೆ. ಹಳೇ ಕಟ್ಟಡದಲ್ಲಿ ಏನೇನೋ ಹೊರಬರುತ್ತದೆ ಎಂಬುದು ಅಧಿಕಾರಿಗಳಿಗೆ ಗೊತ್ತಿಲ್ಲದ್ದೇನಲ್ಲ. ಅವರಿಗಿರುವ ಹೆದರಿಕೆ ಬೇರೆ: ಹೆಚ್ಚುವರಿ ಹಣಕ್ಕೆ ಸಹಿ ಹಾಕಿದವರು ವರ್ಗವಾಗಿ ಹೋಗಿರುತ್ತಾರೆ, ಆಮೇಲೆ ಲೆಕ್ಕಪರಿಶೋಧಕರು 'ಇದು ಮೊದಲೇ ಯಾಕೆ ಗೊತ್ತಾಗಲಿಲ್ಲ' ಎಂದು ಕೇಳುತ್ತಾರೆ, ಆಗ ಕಡತದಲ್ಲಿ ತೋರಿಸಲು ಒಂದು ಹಾಳೆಯೂ ಇರುವುದಿಲ್ಲ. ಹಾಗಾಗಿ ಗೊತ್ತಿಲ್ಲದ ಪ್ರತಿಯೊಂದು ಸಂಗತಿಗೂ ಅದು ಎಂದು ಗೊತ್ತಾಗುತ್ತದೆ, ಗೊತ್ತುಮಾಡಿಕೊಳ್ಳಲು ಎಷ್ಟು ಖರ್ಚು, ಕೆಟ್ಟದ್ದೇ ಕಂಡರೆ ಎಷ್ಟು ಹೊರೆ, ತೀರ್ಮಾನ ಯಾರದು ಎಂಬ ನಾಲ್ಕನ್ನು ಬರೆದು ಕೊಡಿ. 'ಗೊತ್ತಿಲ್ಲ' ಎಂಬ ಬರೀ ಮಾತಿಗೂ ಈ ನಾಲ್ಕು ಸಾಲಿಗೂ ಅಜಗಜಾಂತರ.

ಲಂಡನ್ನಿನ ಸಂಸತ್ ಭವನದ ಎಲಿಜಬೆತ್ ಗೋಪುರ, ಅಂದರೆ ಬಿಗ್ ಬೆನ್ ಗಂಟೆಯಿರುವ ಗೋಪುರ, ಇದಕ್ಕೆ ಒಳ್ಳೆಯ ಪಾಠ. ಮೊದಲ ಅಂದಾಜು ಸುಮಾರು 2.9 ಕೋಟಿ ಪೌಂಡ್. 2017ರಲ್ಲಿ ಅದು 6.1 ಕೋಟಿಗೇರಿತು, 2020ರಲ್ಲಿ 7.97 ಕೋಟಿಗೆ. ಅಟ್ಟಣಿಗೆ ಕಟ್ಟಿ, ಬಿಚ್ಚಿ ನೋಡಿದ ಮೇಲೆ ಎರಡನೇ ಮಹಾಯುದ್ಧದ ಬಾಂಬ್ ಪೆಟ್ಟು ಎಣಿಸಿದ್ದಕ್ಕಿಂತ ಹೆಚ್ಚಿರುವುದು ತಿಳಿಯಿತು. ಕಲ್ನಾರು (ಆಸ್ಬೆಸ್ಟಾಸ್), ಸೀಸದ ಬಣ್ಣ ಎಲ್ಲ ಹೊರಬಂದವು. ಎಂಜಿನಿಯರಿಂಗ್ ದೃಷ್ಟಿಯಿಂದ ಇದರಲ್ಲಿ ಅಚ್ಚರಿಯೇನೂ ಇಲ್ಲ. ಆದರೆ ಸಂಖ್ಯೆ ಒಮ್ಮೆ ಹೊರಗೆ ಹೋದ ಮೇಲೆ ಪ್ರತಿ ಏರಿಕೆಯೂ 'ಮತ್ತೆ ಹಣ ಕೇಳಿದರು' ಎಂಬ ಸುದ್ದಿಯಾಯಿತು. ಮೊದಲ ಮೊತ್ತವನ್ನು ಯಾವ ರೂಪದಲ್ಲಿ ಹೇಳುತ್ತೀರಿ ಎನ್ನುವುದಕ್ಕೆ ಇಷ್ಟು ತೂಕವಿದೆ.

ಮೊದಲು ನಿಮ್ಮ ಕ್ಲೈಂಟ್ ಯಾರು ಎಂದು ಬಿಡಿಸಿಕೊಳ್ಳಿ. ಸರ್ಕಾರಿ ಕಟ್ಟಡದಲ್ಲಿ ಕ್ಲೈಂಟ್ ಒಬ್ಬರಲ್ಲ. ಹಣ ಕೊಡುವವರು, ಕಟ್ಟಡದ ಒಡೆತನ ಮತ್ತು ನಿರ್ವಹಣೆ ಹೊತ್ತವರು, ಒಳಗೆ ಕೂತು ಕೆಲಸ ಮಾಡುವವರು, ಪರಂಪರೆಯ ಅನುಮತಿ ಕೊಡುವವರು ಎಂದು ಕಡಿಮೆಯೆಂದರೂ ನಾಲ್ಕು ದನಿಗಳು. ನಿಮ್ಮ ಪತ್ರದಲ್ಲಿ ಕಪಾಟು ಕೇಳಿದವರು, ಪ್ಲಾಸ್ಟರ್ ಕೇಳಿದವರು, ಮುಟ್ಟಬೇಡಿ ಎಂದವರು ಬೇರೆಬೇರೆ ಜನ ಇರಬೇಕು. ಇವರ ನಡುವಿನ ಜಗಳ ಬಗೆಹರಿಸುವುದು ನಿಮ್ಮ ಕೆಲಸವಲ್ಲ; ಆದರೆ ಅದು ಬಗೆಹರಿಯಲೇಬೇಕಾದ ದಿನ ಯಾವುದು ಎಂದು ಹೇಳುವುದು ನಿಮ್ಮದೇ ಕೆಲಸ. ಯಾರ ಸಹಿಗೆ ಎಷ್ಟು ಮೊತ್ತದವರೆಗೆ ಅಧಿಕಾರ, ಯಾರ ಮಾತು ಬರೀ ಸಲಹೆ, ಯಾರ ಒಪ್ಪಿಗೆಯಿಲ್ಲದೆ ಸುತ್ತಿಗೆ ಎತ್ತುವಂತಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು, ಮೊದಲ ಸಭೆಯಲ್ಲೇ ಒಪ್ಪಿಸಿ, ನಡಾವಳಿಗೆ ಸೇರಿಸಿ.

ಈಗ ನಿಮ್ಮ ಕಿವಿಗೆ ಬಿದ್ದಿರುವ ಕೆಲವು ಮಾತುಗಳನ್ನು ನೋಡೋಣ.

'ಪಾರಂಪರಿಕ ಎಂದರೆ ಏನನ್ನೂ ಮುಟ್ಟುವ ಹಾಗಿಲ್ಲ.' ನಿಜವಲ್ಲ. ಸ್ಮಾರಕಗಳ ಸಂರಕ್ಷಣೆಗೆಂದು ರೂಪಿಸಿದ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದು ಹಳೆಯ ವಿಧಾನ ಸಾಲದಾದಾಗ ಹೊಸ ತಂತ್ರ ಬಳಸಲು ದಾರಿ ಬಿಟ್ಟಿದೆ, ಆ ತಂತ್ರ ಪರೀಕ್ಷೆಯಿಂದಲೂ ಅನುಭವದಿಂದಲೂ ಸಾಬೀತಾಗಿರಬೇಕು ಎಂಬ ಷರತ್ತಿನೊಂದಿಗೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಹಳೆಯ ನಗರಾಡಳಿತ ಭವನವನ್ನು 1989ರ ಹೊತ್ತಿಗೆ ಅಡಿಪಾಯದಲ್ಲೇ ಕತ್ತರಿಸಿ, ಭೂಕಂಪದ ಅಲುಗಾಟ ತಡೆಯುವ ರಬ್ಬರ್ ಬೇರಿಂಗ್‌ಗಳ ಮೇಲೆ ಕೂರಿಸಿದರು. ಪ್ರಾಧಿಕಾರ ನಿಜವಾಗಿ ಕೇಳುವುದು ಮೂರು ಪ್ರಶ್ನೆ: ಇದು ಬೇಕೇಬೇಕೇ, ಇದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲವೇ, ನಾಳೆ ತೆಗೆಯಬೇಕೆಂದರೆ ತೆಗೆಯಬಹುದೇ. ಈ ಮೂರಕ್ಕೆ ಉತ್ತರವಿರುವ ನಕ್ಷೆ ಒಯ್ದರೆ ಮಾತುಕತೆ ಬೇರೆಯೇ ಆಗುತ್ತದೆ. ವಿನ್ಯಾಸ ಮುಗಿಸಿ ಅನುಮತಿಗೆ ಹೋಗಬೇಡಿ. ತಪಾಸಣೆಯ ಹಂತದಲ್ಲೇ ಅವರನ್ನು ಕರೆಸಿ, ಬಿಚ್ಚಿದ ಜಾಗ ತೋರಿಸಿ.

'ಸಿಮೆಂಟ್ ಗಟ್ಟಿ, ಹಾಗಾಗಿ ಒಳ್ಳೆಯದು.' ನಿಮ್ಮ ಗೋಡೆಗೆ ಇದು ನೇರ ಹಾನಿ. ಸುಣ್ಣದ ಗಾರೆಯ ಗೋಡೆಯಲ್ಲಿ ತೇವ ಸಂದುಗಳ ಮೂಲಕ ಆವಿಯಾಗಿ ಹೋಗುತ್ತದೆ. ಸಂದನ್ನು ಸಿಮೆಂಟಿನಿಂದ ಮುಚ್ಚಿದರೆ ಅದೇ ತೇವ ಇಟ್ಟಿಗೆಯ ಮುಖದಿಂದಲೇ ಹೊರಬರಬೇಕಾಗುತ್ತದೆ. ಬರುವಾಗ ಲವಣ ತರುತ್ತದೆ, ಲವಣ ಹರಳುಗಟ್ಟಿ ಮುಖವನ್ನು ಸಿಡಿಸುತ್ತದೆ. ಹತ್ತಾರು ವರ್ಷದ ನಂತರ ಅಂಥ ಗೋಡೆ ನೋಡಿ: ಸಿಮೆಂಟ್ ಸಂದುಗಳು ಬಲೆಯ ಹಾಗೆ ಮುಂದೆ ಚಾಚಿಕೊಂಡಿರುತ್ತವೆ, ನಡುವಿನ ಇಟ್ಟಿಗೆ ಒಳಕ್ಕೆ ಸವೆದು ಪುಡಿಯಾಗಿರುತ್ತದೆ. ಗಾರೆ ಯಾವಾಗಲೂ ಕಲ್ಲಿಗಿಂತ, ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆಯುವುದು, ಬದಲಿಸುವುದು ಅದರ ಪಾಲಿನ ಕೆಲಸ. ಇದನ್ನು ಸಭೆಯಲ್ಲಿ ವಾದಿಸಿ ಗೆಲ್ಲಲು ಹೋಗಬೇಡಿ. ಗೋಡೆಯ ಮರೆಯ ಭಾಗದಲ್ಲಿ ಒಂದು ಮೀಟರ್ ಚದರದ ಮಾದರಿ ತುಂಡು ಮಾಡಿಸಿ: ಸಂದಿನ ಅಗಲದ ಎರಡು ಪಟ್ಟು, ಕನಿಷ್ಠ 25 ಮಿ.ಮೀ. ಆಳಕ್ಕೆ ಕೈಯುಳಿಯಿಂದ ಹಳೆಯ ಗಾರೆ ಕೆರೆದು, ಧೂಳು ತೆಗೆದು, ನೀರು ಚಿಮುಕಿಸಿ, ಸುಣ್ಣದ ಗಾರೆ ಒತ್ತಿ, ಒದ್ದೆ ಗೋಣಿ ಇಳಿಬಿಟ್ಟು ನಿಧಾನಕ್ಕೆ ಒಣಗಿಸಿ. ಅಧಿಕಾರಿಗಳು ಅಲ್ಲೇ ನಿಂತು ಬಣ್ಣ, ಮೇಲ್ಮೈ ನೋಡಿ ಒಪ್ಪಲಿ. ಒಪ್ಪಿದ ತುಂಡನ್ನು ಕೆಲಸ ಮುಗಿಯುವವರೆಗೆ ಒಡೆಯಬೇಡಿ. ಗುತ್ತಿಗೆದಾರರ ಕೆಲಸ ಅಳೆಯುವ ಅಳತೆಗೋಲು ಅದೇ.

ತೇವದ ವಿಷಯದಲ್ಲಿ ಇನ್ನೊಂದು ಎಚ್ಚರ. 'ನೆಲದಿಂದ ಏರುವ ತೇವ' ಎಂದು ಎಲ್ಲರೂ ಒಮ್ಮೆಲೇ ತೀರ್ಪು ಕೊಡುತ್ತಾರೆ, ಗೋಡೆಗೆ ರಾಸಾಯನಿಕ ಚುಚ್ಚುವ ಕಂಪನಿಗಳಂತೂ ಕಾದೇ ಇರುತ್ತವೆ. ಮೊದಲು ಮಳೆನೀರಿನ ದೋಣಿ, ಇಳಿಕೊಳವೆ, ಚರಂಡಿ ನೋಡಿ. ಆಮೇಲೆ ಹೊರಗಿನ ನೆಲ ನೋಡಿ. ಪದೇಪದೇ ಡಾಂಬರು, ಕಲ್ಲುಹಾಸು ಹಾಕುತ್ತಾ ನೆಲಮಟ್ಟ ಒಳಗಿನ ನೆಲಕ್ಕಿಂತ ಮೇಲೆ ಬಂದಿರುವುದು ತೀರಾ ಸಾಮಾನ್ಯ. ಎರಡು ಮುಳ್ಳಿನ ವಿದ್ಯುತ್ ತೇವಮಾಪಕವನ್ನು ನಂಬಿ ಕೂರಬೇಡಿ, ಲವಣ ತುಂಬಿದ ಗೋಡೆಯಲ್ಲಿ ಅದು ಒಣಗಿದ್ದನ್ನೂ ಒದ್ದೆ ಎನ್ನುತ್ತದೆ. 300, 600, 1,000, 1,500 ಮಿ.ಮೀ. ಎತ್ತರದಲ್ಲಿ ನಿಧಾನಗತಿಯಲ್ಲಿ ಕೊರೆದು ಪುಡಿ ತೆಗೆದು, ಕಾರ್ಬೈಡ್ ಮಾಪಕದಲ್ಲೋ ತೂಗಿ-ಒಣಗಿಸಿಯೋ ಪರೀಕ್ಷಿಸಿ. ಮೂಲ ನಿಲ್ಲಿಸಿದ ಮೇಲೂ ಗೋಡೆ ಒಣಗುವುದು ತಿಂಗಳಿಗೆ ಹೆಚ್ಚೆಂದರೆ 25 ಮಿ.ಮೀ. ಲೆಕ್ಕದಲ್ಲಿ. 600 ಮಿ.ಮೀ. ಗೋಡೆಗೆ ಎರಡೂ ಬದಿ ತೆರೆದಿದ್ದರೂ ಒಂದು ವರ್ಷ ಹಿಡಿದೀತು. ಉದ್ಘಾಟನೆಯ ತಾರೀಖು ಇದನ್ನು ನುಂಗಿಹಾಕುವ ಮೊದಲು ಈ ಲೆಕ್ಕ ಇಲಾಖೆಗೆ ಲಿಖಿತವಾಗಿ ಹೋಗಿರಲಿ.

ಬಿರುಕಿಗೆ ಸ್ಟೀಲ್ ಹೊಲಿಗೆ ಹಾಕುವ ಮೊದಲು ಅದು ಜೀವಂತವಾಗಿದೆಯೇ, ಅಂದರೆ ಇನ್ನೂ ಅಲುಗುತ್ತಿದೆಯೇ ನೋಡಿ. ಒಳಗೆ ಹಳೇ ಬಣ್ಣ, ಜೇಡರ ಬಲೆ ಇದ್ದರೆ ಬಹಳ ಹಿಂದಿನದು. ಅಂಚು ಚೂಪಾಗಿ, ಒಳಗೆ ಸ್ವಚ್ಛವಾಗಿದ್ದರೆ ಇತ್ತೀಚಿನದು. ಎರಡೂ ಬದಿ ಪಿನ್ನು ಕೂರಿಸಿ 0.1 ಮಿ.ಮೀ. ನಿಖರತೆಯಲ್ಲಿ, ಅಂದಿನ ಉಷ್ಣಾಂಶದೊಂದಿಗೆ ಅಳೆಯುತ್ತಾ ಹೋಗಿ. ಒಂದು ಪೂರ್ತಿ ವರ್ಷದ ಚಕ್ರ ಮುಗಿಯದೆ, ಋತುವಿನ ಜೊತೆ ಬಾಯಿ ತೆರೆದು ಮುಚ್ಚುವ ಬಿರುಕನ್ನೂ ಒಂದೇ ದಿಕ್ಕಿಗೆ ಹೋಗುತ್ತಿರುವ ಬಿರುಕನ್ನೂ ಬೇರ್ಪಡಿಸಲಾಗದು. ಗುತ್ತಿಗೆ ಕರೆಯುವವರೆಗೂ ಕಾಯದೆ ಈ ವಾರವೇ ಪಿನ್ನು ಹಾಕಿಸಿ. ಖರ್ಚು ಏನೇನೂ ಇಲ್ಲ.

ಇನ್ನು ಕಪಾಟು. ನಿಮ್ಮ ಕಾಮಗಾರಿಯಲ್ಲಿ ಜೀವಹಾನಿಯ ಅಪಾಯ ಅತಿ ಹೆಚ್ಚಿರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ, ಆದರೆ ಪತ್ರದಲ್ಲಿ ಅದಕ್ಕೆ ಸಿಕ್ಕಿರುವುದು ಅರ್ಧ ವಾಕ್ಯ. ಮಾಮೂಲಿ ಕಚೇರಿಯ ಮಹಡಿಗೆ ಚದರ ಮೀಟರಿಗೆ 2.5 ಕಿಲೋನ್ಯೂಟನ್ ಹೊರೆ ಹಿಡಿಯುವುದು ವಾಡಿಕೆ. ಹಳಿಯ ಮೇಲಿನ ಒತ್ತೊತ್ತು ಕಪಾಟಿಗೆ ಬ್ರಿಟಿಷ್ ಪದ್ಧತಿಯಲ್ಲಿ ಪ್ರತಿ ಮೀಟರ್ ಎತ್ತರಕ್ಕೆ 4.8, ಒಟ್ಟು ಕನಿಷ್ಠ 9.6 ಕಿಲೋನ್ಯೂಟನ್. ಹತ್ತಿರಹತ್ತಿರ ನಾಲ್ಕು ಪಟ್ಟು. ನಿಮ್ಮ ತೊಲೆ ಎರಕದ ಕಬ್ಬಿಣವೋ, ಮೆದು ಕಬ್ಬಿಣವೋ, ಮೊದಲ ಕಾಲದ ಉಕ್ಕೋ? ಕೆಳಗಿನ ಚಾಚು (ಫ್ಲ್ಯಾಂಜ್) ಮೇಲಿನದಕ್ಕಿಂತ ದಪ್ಪ, ಒರಟು ಮೈ, ದುಂಡನೆಯ ಒಳಮೂಲೆ ಇದ್ದರೆ ಎರಕದ್ದೆಂದು ಅನುಮಾನಿಸಿ. ಅದು ಎಳೆತ ತಡೆಯದು, ಬಾಗಿ ಎಚ್ಚರಿಕೆ ಕೊಡದೆ ಒಮ್ಮೆಲೇ ಮುರಿಯುತ್ತದೆ, ಸುಲಭಕ್ಕೆ ಬೆಸುಗೆಯೂ ಹಿಡಿಯದು. ಅಮೆರಿಕದ ಕ್ಯಾಪಿಟಲ್ ಗುಮ್ಮಟದ ಎರಕದ ಕಬ್ಬಿಣದಲ್ಲಿ ಸಾವಿರಕ್ಕೂ ಹೆಚ್ಚು ಬಿರುಕು ಸಿಕ್ಕಾಗ, 2014ರಿಂದ 2016ರ ಕೆಲಸದಲ್ಲಿ ಅವನ್ನು ಬೆಸುಗೆಯ ಬದಲು ಲೋಹದ ಪಿನ್ನು, ಬಂಧಗಳಿಂದ ಹೊಲಿದದ್ದು ಇದಕ್ಕೇ. ಲೆಕ್ಕಕ್ಕೆ ಬೇಕಾದ ಬಲ ತಿಳಿಯಲು, ಬಾಗುಬಲ ಕಡಿಮೆಯಿರುವ ಆಧಾರದ ಬಳಿಯ ಚಾಚಿನಿಂದ ಸಣ್ಣ ತುಂಡು ತೆಗೆದು ಪ್ರಯೋಗಾಲಯಕ್ಕೆ ಕಳಿಸಿ.

ಇಟ್ಟಿಗೆ ಕಮಾನುಗಳು ಒಂದನ್ನೊಂದು ಒತ್ತಿ ನಿಂತಿರುತ್ತವೆ. ಪೈಪಿಗೋ ಕೇಬಲ್ಲಿಗೋ ಎಂದು ಒಂದು ಕಮಾನು ಒಡೆದರೆ ಪಕ್ಕದ್ದು ತೊಲೆಯನ್ನು ಅಡ್ಡಕ್ಕೆ ತಳ್ಳುತ್ತದೆ. ಆಸರೆ ಮತ್ತು ಎಳೆಕಂಬಿ ಇಲ್ಲದೆ ಯಾರೂ ಒಡೆಯಕೂಡದು ಎಂದು ನಕ್ಷೆಯ ಮೇಲೇ ಬರೆಯಿರಿ. ಕಮಾನಿನ ಮೇಲೆ ತುಂಬಿದ್ದು ಬೂದಿ, ಕಿಟ್ಟ ಆಗಿದ್ದರೆ ತೇವ ತಗುಲಿ ತೊಲೆಯ ಮೇಲುಚಾಚನ್ನು ತಿಂದಿರುತ್ತದೆ, ಕೆಳಗಿನಿಂದ ನೋಡಿದರೆ ಬಣ್ಣ ಚೆನ್ನಾಗೇ ಇರುತ್ತದೆ. ಪ್ರತಿ ಮಹಡಿಯಲ್ಲೂ ಎರಡು ಮೂರು ಕಡೆ ಮೇಲಿನಿಂದ ಬಿಚ್ಚಿ ನೋಡದೆ ಯಾವ ಅಂಕಿಯೂ ಕೊಡಬೇಡಿ. ಇಲಾಖೆಗೆ ಕೊಡಬಹುದಾದ ಆಯ್ಕೆಗಳು: ಕಪಾಟನ್ನು ನೆಲಮಾಳಿಗೆಗೋ ಹೊಸ ಕಟ್ಟಡಕ್ಕೋ ಒಯ್ಯುವುದು (ಇದು ಅಗ್ಗ ಮತ್ತು ಸುರಕ್ಷಿತ); ಗೋಡೆಗುಂಟ ಎತ್ತರ ಕಡಿಮೆಯ ಸ್ಥಿರ ಕಪಾಟು, ಹೊರೆಯ ಮಿತಿ ಬರೆದ ಫಲಕದೊಂದಿಗೆ; ಇಲ್ಲವೇ ಹೊಸ ಉಕ್ಕಿನ ಚೌಕಟ್ಟು. ಕೊನೆಯದಕ್ಕೆ ಅಡಿಪಾಯ ಅಗೆಯಬೇಕು, ಪ್ರಾಧಿಕಾರದ ಒಪ್ಪಿಗೆ ಬೇಕು, ಕೆಳಗಿನ ಕೋಣೆ ಖಾಲಿಯಾಗಬೇಕು. ಮೂರನ್ನೂ ವೆಚ್ಚ ಸಮೇತ ಮುಂದಿಟ್ಟರೆ ಆ ಬೇಡಿಕೆ ತಾನೇ ಇಳಿಯುವುದುಂಟು.

ಮೊತ್ತದ ವಿಷಯಕ್ಕೆ ಬರೋಣ. ಒಂದೇ ಮೊತ್ತದ ಗುತ್ತಿಗೆ ಇಲಾಖೆಗೆ ಅಚ್ಚುಮೆಚ್ಚು, ಕಾಗದದ ಮೇಲೆ ಅಪಾಯವೆಲ್ಲ ಗುತ್ತಿಗೆದಾರರ ಹೆಗಲಿಗೆ. ವಾಸ್ತವದಲ್ಲಿ ಅನುಭವಿ ಗುತ್ತಿಗೆದಾರರು ಆ ಅಪಾಯಕ್ಕೆ ದುಬಾರಿ ಬೆಲೆ ಹಾಕುತ್ತಾರೆ ಅಥವಾ ಟೆಂಡರ್ ಹಾಕುವುದೇ ಇಲ್ಲ. ಅನುಭವವಿಲ್ಲದವರು ಕಡಿಮೆ ಹಾಕಿ ಗೆದ್ದು, ಮೊದಲ ಗೋಡೆ ಬಿಚ್ಚಿದ ದಿನದಿಂದ ಹೆಚ್ಚುವರಿಗೆ ಜಗಳ ತೆಗೆಯುತ್ತಾರೆ, ಇಲ್ಲವೇ ಕಂಡದ್ದನ್ನು ಪ್ಲಾಸ್ಟರ್ ಹಿಂದೆ ಮುಚ್ಚಿಬಿಡುತ್ತಾರೆ. ಮುಚ್ಚಿದ್ದು ನಿಮಗೂ ಗೊತ್ತಾಗುವುದಿಲ್ಲ. ಎಲ್ಲಕ್ಕೂ ದರ ನಿಗದಿ ಮಾಡಿ, ನಡೆದ ಕೆಲಸವನ್ನು ಅಳೆದು ಹಣ ಕೊಡುವ ಗುತ್ತಿಗೆ ಪ್ರಾಮಾಣಿಕ. ಆದರೆ ಮೇಲ್ಮಿತಿ ಇಲ್ಲದ್ದಕ್ಕೆ ಹಣಕಾಸಿನವರು ಸಹಿ ಹಾಕುವುದು ಕಷ್ಟ, ಅಳತೆಗೆ ಸ್ಥಳದಲ್ಲಿ ನಿಮ್ಮವರು ಸದಾ ಇರಬೇಕು.

ನಾನು ಸಲಹೆ ಕೊಡುವುದು ಎರಡು ಹಂತ. ತಪಾಸಣೆಯನ್ನೇ ಪ್ರತ್ಯೇಕ ಸಣ್ಣ ಗುತ್ತಿಗೆಯಾಗಿ ಮೊದಲು ಕರೆಯಿರಿ. ಒಟ್ಟು ವೆಚ್ಚದ 2ರಿಂದ 4 ಶೇಕಡಾ ಅದಕ್ಕೆ ತೆಗೆದಿಟ್ಟರೆ ಸಾಕಾಗುತ್ತದೆ ಎನ್ನುವುದು ನನ್ನ ಕೈಅಂದಾಜು. ಅದರಲ್ಲಿ ಅಟ್ಟಣಿಗೆ, ಬಿಚ್ಚಿ ನೋಡುವುದು, ರಂಧ್ರದೊಳಗೆ ಇಳಿಸಿ ನೋಡುವ ಕ್ಯಾಮೆರಾ, ಗಾರೆಯ ವಿಶ್ಲೇಷಣೆ, ಗೋಡೆಯ ಒತ್ತಡ ಅಳೆಯುವ ಫ್ಲ್ಯಾಟ್ ಜ್ಯಾಕ್ ಪರೀಕ್ಷೆ, ಛಾವಣಿಯ ಮರದ ತುದಿಗಳು ಒಳಗೆ ಕೊಳೆತಿವೆಯೇ ಎಂದು ತಿಳಿಯುವ ಸೂಜಿಕೊರೆತ, ಕಲ್ನಾರು ಮತ್ತು ಸೀಸದ ಬಣ್ಣದ ಮಾದರಿ ಎಲ್ಲ ಬರಲಿ. ಅದಕ್ಕೆ ಮೊದಲು ಮೊತ್ತ ಕೇಳಿದರೆ ಕೆಳಮಿತಿ-ಮೇಲ್ಮಿತಿ ಎರಡನ್ನೂ ಹೇಳಿ, ಮೇಲ್ಮಿತಿ ಮೂಲ ಅಂದಾಜಿನ ಒಂದೂವರೆ ಪಟ್ಟು ಇದ್ದರೂ ಅಂಜಬೇಡಿ. ತಪಾಸಣೆಯ ನಂತರ ಆ ಅಂತರ ಕುಗ್ಗುತ್ತದೆ. ಮುಖ್ಯ ಗುತ್ತಿಗೆಯಲ್ಲಿ ಗೊತ್ತಿರುವ ಕೆಲಸಕ್ಕೆ ನಿಗದಿ ಬೆಲೆ, ಅರೆ ಗೊತ್ತಿರುವುದಕ್ಕೆ ದರ ಮತ್ತು ಅಂದಾಜು ಪ್ರಮಾಣ, ಉಳಿದದ್ದಕ್ಕೆ ಇಲಾಖೆಯ ಕೈಯಲ್ಲೇ ಇರುವ ಮೀಸಲು. ಹೊಸ ಕಟ್ಟಡಕ್ಕೆ 5 ಶೇಕಡಾ ಮೀಸಲು ಸಾಕು, ಇಲ್ಲಿ ತಪಾಸಣೆಯಾದ ಮೇಲೂ 15ಕ್ಕಿಂತ ಕಡಿಮೆ ಒಪ್ಪಬೇಡಿ. ಈ ದಾರಿಗೂ ತೊಡಕಿದೆ: ನಾಲ್ಕಾರು ತಿಂಗಳು ತಡ, ಎರಡು ಸಲ ಟೆಂಡರ್, ಈ ವರ್ಷದ ಅನುದಾನ ಕೈಬಿಟ್ಟುಹೋಗುವ ಭಯ. ಅನುದಾನವೇ ದೊಡ್ಡ ಚಿಂತೆಯಾದರೆ ಛಾವಣಿ, ಮಳೆನೀರ ದೋಣಿ, ಚರಂಡಿಯ ಕೆಲಸವನ್ನು ಈ ವರ್ಷವೇ ತೆಗೆದುಕೊಳ್ಳಿ. ಯಾವ ತಪಾಸಣೆಯ ಫಲಿತಾಂಶ ಬಂದರೂ ಅದು ಬೇಕಾಗೇ ಇರುತ್ತದೆ, ಗೋಡೆ ಒಣಗಲೂ ಶುರುವಾಗುತ್ತದೆ.

ಕೆಲಸ ನಡೆಯುವಾಗ ಹಣ ಸೋರುವುದು ಬಹುಪಾಲು ಕಾಯುವುದರಲ್ಲಿ. ಅಟ್ಟಣಿಗೆಗೆ ದಿನದ ಬಾಡಿಗೆ ಓಡುತ್ತಿರುತ್ತದೆ, ತೀರ್ಮಾನ ಮೂರು ಮೇಜು ದಾಟುತ್ತಿರುತ್ತದೆ. ಹಾಗಾಗಿ ಇಷ್ಟು ಮೊತ್ತದವರೆಗೆ ಸ್ಥಳದಲ್ಲೇ, ಇಷ್ಟರವರೆಗೆ ಐದು ಕೆಲಸದ ದಿನದೊಳಗೆ ಎಂಬ ಮಿತಿಗಳನ್ನು ಮೊದಲೇ ಒಪ್ಪಿಸಿಕೊಳ್ಳಿ. ಪ್ರತಿ ಪ್ರಶ್ನೆಗೂ ಒಂದೇ ಪುಟದ ಟಿಪ್ಪಣಿ ಕೊಡಿ. ಮಾದರಿಗೆ ಹೀಗೆ:

ತೀರ್ಮಾನ ಟಿಪ್ಪಣಿ 14. ಉತ್ತರದ ಛಾವಣಿ, ತೊಲೆ ತುದಿಗಳು.
ಕಂಡದ್ದು: 22 ತುದಿಗಳಲ್ಲಿ 9 ಬಿಚ್ಚಿದೆ; 4ರಲ್ಲಿ ಗೋಡೆಯೊಳಗಿನ 300 ಮಿ.ಮೀ. ಕೊಳೆತಿದೆ. ಫೋಟೋ 1–6.
ಕಾರಣ: ಗೋಡೆಯ ಮೇಲಿನ ದೋಣಿ ಸೋರಿಕೆ.
ಗೊತ್ತಿಲ್ಲದ್ದು: ಉಳಿದ 13 ತುದಿ. ಮುಂದಿನ ಶುಕ್ರವಾರದೊಳಗೆ ತಿಳಿಯುತ್ತದೆ.
ಆಯ್ಕೆ ಕ: ಕೊಳೆತ ಭಾಗ ಕತ್ತರಿಸಿ ಹೊಸ ಮರ ಬೆಸೆಯುವುದು. ಆಯ್ಕೆ ಖ: ತುಕ್ಕು ಹಿಡಿಯದ ಉಕ್ಕಿನ ಪಾದ. ವೆಚ್ಚ, ದಿನ, ಅಪಾಯ ಎದುರಿಗೆ.
ನಮ್ಮ ಶಿಫಾರಸು: ಕ. ಪ್ರಾಧಿಕಾರ ಸ್ಥಳದಲ್ಲಿ ನೋಡಿದೆ.
ಯಾರಿಂದ, ಯಾವಾಗ: ಕಾರ್ಯನಿರ್ವಾಹಕ ಎಂಜಿನಿಯರ್, ಬುಧವಾರ. ತಡವಾದರೆ ದಿನಕ್ಕೆ ಇಷ್ಟು.

ಕೊನೆಯ ಸಾಲು ಬಿಡಬೇಡಿ. ಅದು ಬೆದರಿಕೆಯಂತೆ ಕೇಳದಿರಲು ಮೊದಲ ಟಿಪ್ಪಣಿಯಿಂದಲೇ ಎಲ್ಲದರಲ್ಲೂ ಇರಲಿ. ಫೋನಿನಲ್ಲಿ ಅಥವಾ ಮೆಟ್ಟಿಲ ಮೇಲೆ ಸಿಕ್ಕು ಹೇಳಿದ ಸೂಚನೆಯನ್ನು ಅದೇ ದಿನ 'ತಾವು ಹೇಳಿದಂತೆ ಹೀಗೆಂದು ತಿಳಿದಿದ್ದೇವೆ' ಎಂದು ಬರೆದು ಕಳಿಸಿ. ಕೆಟ್ಟ ಸುದ್ದಿ ಸಭೆಯಲ್ಲಿ ಎಲ್ಲರೆದುರು ಮೊದಲ ಸಲ ಹೊರಬರಬಾರದು. ಕಂಡ ದಿನವೇ ಸಂಬಂಧಪಟ್ಟ ಅಧಿಕಾರಿಗೆ ಫೋನು, ಮರುದಿನ ಟಿಪ್ಪಣಿ. ಮೇಲಿನವರ ಮುಂದೆ ಅವರಿಗೆ ಇರುಸುಮುರುಸಾದರೆ ನಿಮ್ಮ ಮುಂದಿನ ಹತ್ತು ಕಡತ ನಿಧಾನವಾಗುತ್ತವೆ.

ಕಚೇರಿ ನಡೆಯುತ್ತಲೇ ಕೆಲಸ ಮಾಡಬಹುದು, ಆದರೆ ಒಂದು ದಿನವೂ ಯಾರೂ ಜಾಗ ಬಿಡುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಡಿ. ಕಲ್ನಾರು, ಸೀಸದ ಬಣ್ಣ ತೆಗೆಯುವಾಗ, ಮಹಡಿಗೆ ಆಸರೆ ಕೊಡುವಾಗ ಕೆಳಗೆ ಮೇಲೆ ಎರಡೂ ಕಡೆ ಜನ ಇರಬಾರದು. ಕಟ್ಟಡವನ್ನು ಭಾಗಗಳಾಗಿ ಹಂಚಿ, ಖಾಲಿ ಮಾಡುವ ತಾರೀಖುಗಳನ್ನು ಬಳಕೆದಾರ ಇಲಾಖೆಯ ಸಹಿಯೊಂದಿಗೆ ಕಾರ್ಯಕ್ರಮದಲ್ಲಿ ಸೇರಿಸಿ. ಅವರು ಖಾಲಿ ಮಾಡದಿದ್ದರೆ ತಡ ಯಾರ ಲೆಕ್ಕಕ್ಕೆ ಎಂಬುದೂ ಅಲ್ಲೇ ಇರಲಿ. ಕೊರೆಯುವ, ಒಡೆಯುವ ಕೆಲಸಕ್ಕೆ ಕಂಪನ ಮಾಪಕ ಹಾಕಿ. ಸೂಕ್ಷ್ಮ ಹಳೆಯ ಕಟ್ಟಡಕ್ಕೆ ಜರ್ಮನ್ ಮಾನದಂಡ ಕಡಿಮೆ ಆವರ್ತದಲ್ಲಿ ಅಡಿಪಾಯದ ಬಳಿ ಸೆಕೆಂಡಿಗೆ 3 ಮಿ.ಮೀ. ಮಿತಿ ಕೊಡುತ್ತದೆ. ಮರದ ಛಾವಣಿಯ ಕೆಳಗೆ ಬೆಸುಗೆ, ಗ್ರೈಂಡರ್, ಬ್ಲೋಲ್ಯಾಂಪ್ ಯಾವುದೂ ಬೇಡ, ಹೊರಗೆ ಮಾಡಿ ತಂದು ಬೋಲ್ಟ್ ಹಾಕಲಿ. ಅನಿವಾರ್ಯವಾದರೆ ದಿನದ ಪರ್ಮಿಟ್, ಪಕ್ಕದಲ್ಲಿ ನೀರು ಮತ್ತು ನಂದಿಸುವ ಸಾಧನ, ಕೆಲಸ ನಿಂತ ಮೇಲೆ ಕನಿಷ್ಠ ಒಂದು ಗಂಟೆ ಕಾವಲು. ಸಂಜೆಗೆ ಎರಡು ಮೂರು ಗಂಟೆ ಮೊದಲೇ ಕಿಡಿಯ ಕೆಲಸ ನಿಲ್ಲಲಿ.

ಮುಂದಿನ ಸಭೆಗೆ ಇಷ್ಟು ಒಯ್ಯಿರಿ: ಯಾರಿಗೆ ಯಾವ ಅಧಿಕಾರ ಎಂಬ ಒಂದು ಪುಟ, ಗೊತ್ತಿಲ್ಲದ ಸಂಗತಿಗಳ ಪಟ್ಟಿ ತಾರೀಖು ಸಮೇತ, ತಪಾಸಣೆಯ ಅಂದಾಜುಪಟ್ಟಿ, ಕಪಾಟಿನ ಮೂರು ಆಯ್ಕೆ. ಆಗಲೂ 'ಒಂದೇ ಮೊತ್ತ ಹೇಳಿ' ಎಂದು ಪಟ್ಟು ಹಿಡಿದರೆ ಮೇಲ್ಮಿತಿಯ ಸಂಖ್ಯೆಯನ್ನೇ ಹೇಳಿ, ಅದು ಯಾವ ತಪಾಸಣೆ ಆಗದ ಸ್ಥಿತಿಯ ಮೊತ್ತ ಎಂಬುದನ್ನು ಅದೇ ವಾಕ್ಯದಲ್ಲಿ ಸೇರಿಸಿ, ನಡಾವಳಿಯ ಕರಡು ಬಂದಾಗ ಆ ವಾಕ್ಯ ಪೂರ್ತಿ ಇದೆಯೇ ಎಂದು ನೋಡಿ ಸಹಿ ಮಾಡಿ.